ಸೀಲು ಸೋರಿದ್ದಕ್ಕೆ ಟ್ರೈನಿಂಗ್ ಕೇಳಿದರು

ಟ್ರೈನಿಂಗ್ ನೋಡಿಕೊಳ್ಳುವ ನನಗೆ ಮೆಂಟೆನೆನ್ಸ್ ವಿಭಾಗದಿಂದ ಬಂದ ಬೇಡಿಕೆ ಒಂದೇ ಸಾಲಿನದು: ಪಂಪುಗಳ ಮೆಕ್ಯಾನಿಕಲ್ ಸೀಲು ಪದೇ ಪದೇ ಸೋರುತ್ತಿದೆ, ಫಿಟ್ಟರ್‌ಗಳಿಗೆ ಎರಡು ದಿನದ ಟ್ರೈನಿಂಗ್ ಮಾಡಿಸಿ. ಹಿಂದೆ ಯಾರೋ ಮಾಡಿಟ್ಟಿದ್ದ ಸ್ಲೈಡುಗಳನ್ನೂ ಜೊತೆಗೆ ಕಳಿಸಿದ್ದರು. ಸೀಲು ಎಂದರೇನು, ಅದರಲ್ಲಿ ಎಷ್ಟು ಬಗೆ, ಯಾವ ಬಗೆಗೆ ಯಾವ ವಸ್ತು, ಅನುಕೂಲವೇನು, ಅನಾನುಕೂಲವೇನು. ಅದನ್ನು ಬಾಯಿಪಾಠ ಮಾಡಿದರೆ ಪರೀಕ್ಷೆ ಪಾಸಾಗಬಹುದು, ಸೀಲು ಕೂರಿಸಲು ಬರುವುದಿಲ್ಲ. ಸ್ಲೈಡು ಮಾಡುವುದು ಸುಲಭ. ಅದಕ್ಕೇ ಟ್ರೈನಿಂಗ್ ಎಂದ ಕೂಡಲೇ ಎಲ್ಲರ ಕೈಯೂ ಅಲ್ಲಿಗೇ ಹೋಗುತ್ತದೆ.

ಯಂತ್ರದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಪಂಪಿನ ಶಾಫ್ಟು ಕವಚದಿಂದ ಹೊರಗೆ ಬರುವ ಜಾಗದಲ್ಲಿ ದ್ರವ ಸೋರದ ಹಾಗೆ ಎರಡು ಉಂಗುರಗಳು ಮುಖಕ್ಕೆ ಮುಖ ಕೊಟ್ಟು ಕೂತಿರುತ್ತವೆ. ಒಂದು ಶಾಫ್ಟಿನ ಜೊತೆ ತಿರುಗುತ್ತದೆ, ಇನ್ನೊಂದು ಕವಚದಲ್ಲಿ ಅಲುಗಾಡದೆ ಇರುತ್ತದೆ. ಹೆಚ್ಚಾಗಿ ಒಂದು ಮುಖ ಕಾರ್ಬನ್ನಿನದು, ಎದುರಿನದು ಸಿಲಿಕಾನ್ ಕಾರ್ಬೈಡಿನಂಥ ಗಟ್ಟಿ ವಸ್ತುವಿನದು. ಎರಡರ ನಡುವೆ ಪಂಪಿನೊಳಗಿನ ದ್ರವದ್ದೇ ತೆಳು ಪದರ ನಿಂತು ಜಾರಿಕೆ ಕೊಡುತ್ತದೆ. ಆ ಮುಖಗಳು ಎಷ್ಟು ಸಮತಟ್ಟಾಗಿರಬೇಕೆಂದರೆ ಸ್ಕೇಲು, ಗೇಜುಗಳಿಂದ ಅಳೆಯಲಾಗದೆ ಬೆಳಕಿನ ಪಟ್ಟೆಗಳನ್ನು ಎಣಿಸಿ ಅಳೆಯುತ್ತಾರೆ; ಹೀಲಿಯಂ ಬೆಳಕಿನಲ್ಲಿ ಒಂದು ಪಟ್ಟೆ ಎಂದರೆ ಸುಮಾರು 0.3 ಮೈಕ್ರಾನ್. ಇಷ್ಟು ನಾಜೂಕಿನ ವಸ್ತುವನ್ನು ಗ್ರೀಸು ಮೆತ್ತಿದ ಕೈಗಳ ನಡುವೆ, ರಾತ್ರಿ ಪಾಳಿಯಲ್ಲಿ, ಪ್ರೊಡಕ್ಷನ್‌ನವರು ತಲೆಯ ಮೇಲೆ ನಿಂತಿರುವಾಗ ಬದಲಿಸಬೇಕು.

ನಾನು ಕ್ಲಾಸಿನ ದಿನಾಂಕ ಕೊಡಲಿಲ್ಲ. ಬದಲಿಗೆ ಕಳಚಿ ತೆಗೆದ ಹಳೆಯ ಸೀಲುಗಳನ್ನು ಎಸೆಯದೆ, ಪಂಪಿನ ನಂಬರು ಬರೆದು ಒಂದು ಪೆಟ್ಟಿಗೆಯಲ್ಲಿ ಇಡಿಸಿ ಎಂದು ಕೇಳಿದೆ. ರಿಜಿಸ್ಟರಿನಲ್ಲಿ ಕಾರಣದ ಕಾಲಂ ಇತ್ತು, ಆದರೆ ಅದರ ಉದ್ದಕ್ಕೂ ‘ಸೀಲ್ ಲೀಕ್’ ಎಂದೇ ಬರೆದಿತ್ತು. ಅದು ಕಾರಣವಲ್ಲ, ಲಕ್ಷಣ. ಕಾರಣ ಸಿಗುವುದು ಉಂಗುರದ ಮುಖದ ಮೇಲೆ.

ಪೆಟ್ಟಿಗೆ ತುಂಬಿದ ಮೇಲೆ ಒಬ್ಬ ಹಿರಿಯ ಫಿಟ್ಟರನ್ನೂ ಮೆಂಟೆನೆನ್ಸ್ ಇಂಜಿನಿಯರನ್ನೂ ಕೂರಿಸಿಕೊಂಡು ಒಂದೊಂದನ್ನೇ ಮೇಜಿನ ಮೇಲೆ ಹರಡಿದೆ. ಕೆಲವು ಗಟ್ಟಿ ಮುಖಗಳ ಮೇಲೆ ನಡುವಿನಿಂದ ಅಂಚಿಗೆ ಓಡುವ ಕೂದಲೆಳೆಯ ಬಿರುಕುಗಳು: ಒಣಗಿ ಓಡಿ ಕಾದದ್ದು. ಕೆಲವಲ್ಲಿ ಸವೆತದ ಪಟ್ಟೆ ಎದುರು ಮುಖಕ್ಕಿಂತ ಅಗಲವಾಗಿತ್ತು: ಶಾಫ್ಟು ನೇರವಾಗಿ ತಿರುಗುತ್ತಿರಲಿಲ್ಲ, ಪಂಪಿನ ಮತ್ತು ಮೋಟರಿನ ಶಾಫ್ಟುಗಳು ಒಂದೇ ಗೆರೆಯಲ್ಲಿರಬೇಕಾದ ಅಲೈನ್‌ಮೆಂಟ್ ಕೆಟ್ಟಿತ್ತು, ಇಲ್ಲವೇ ಬೇರಿಂಗ್ ಸಡಿಲವಾಗಿತ್ತು. ಕೆಲವಲ್ಲಿ ಮುಖ ಹೊಸದರಂತೆಯೇ ಇದ್ದು, ಸಂದಿನಲ್ಲಿ ದ್ರವ ನುಸುಳದಂತೆ ಹಾಕುವ ರಬ್ಬರಿನ ಬಳೆಯಾದ ಓ-ರಿಂಗಿನ ಮೇಲೆ ಸಣ್ಣ ಗೀರು ಬಿದ್ದಿತ್ತು: ಕೂರಿಸುವಾಗಲೇ ಕೊಯ್ದದ್ದು. ಒಂದಷ್ಟು ಓ-ರಿಂಗುಗಳು ಊದಿಕೊಂಡು ತಮ್ಮ ತೋಡಿನಲ್ಲಿ ಕೂರದಷ್ಟು ದಪ್ಪವಾಗಿದ್ದವು: ಆ ದ್ರವಕ್ಕೆ ಹೊಂದದ ರಬ್ಬರು.

ನಾಲ್ಕು ಗುಂಪಾದವು. ನಾಲ್ಕಕ್ಕೂ ‘ಫಿಟ್ಟರ್‌ಗಳಿಗೆ ಟ್ರೈನಿಂಗ್’ ಎಂಬ ಒಂದೇ ಔಷಧಿ ಬರೆದಿದ್ದರು. ಒಣಗಿ ಓಡಿಸುವವರು ಫಿಟ್ಟರ್‌ಗಳೇ ಅಲ್ಲ, ಪಂಪು ಚಾಲೂ ಮಾಡುವ ಆಪರೇಟರ್‌ಗಳು; ಒಳಗಿನ ಗಾಳಿ ಬಿಡದೆ ಅಥವಾ ದ್ರವ ಒಳಬರುವ ಕಡೆಯ ಸಕ್ಷನ್ ವಾಲ್ವು ಪೂರ್ತಿ ತೆರೆಯದೆ ಬಟನ್ ಒತ್ತಿದರೆ ಮುಖಗಳ ನಡುವಿನ ಪದರ ಹೋಗುತ್ತದೆ. ಊದಿದ ಓ-ರಿಂಗಿನ ಹಿಂದೆ ಹೋದರೆ ಸಿಕ್ಕಿದ್ದು ಸ್ಟೋರು. ಇಪಿಡಿಎಂ ರಬ್ಬರು ಬಿಸಿನೀರಿಗೆ ಒಳ್ಳೆಯದು, ಪೆಟ್ರೋಲಿಯಂ ಎಣ್ಣೆ ತಾಗಿದರೆ ಊದುತ್ತದೆ. ಎಣ್ಣೆಗೆ ವೈಟಾನಿನಂಥ ರಬ್ಬರು ಬೇಕು. ನಮ್ಮ ಸ್ಟೋರಿನಲ್ಲಿದ್ದ ಎರಡೂ ಕಪ್ಪು, ಎರಡೂ ಒಂದೇ ಅಳತೆ, ಒಂದೇ ಡಬ್ಬಿಯಲ್ಲಿ ಬಿಡಿಬಿಡಿಯಾಗಿ. ಇದಕ್ಕೆ ಪಾಠ ಮಾಡಿ ಏನು ಪ್ರಯೋಜನ? ಬೇರೆ ಬೇರೆ ಪೊಟ್ಟಣ, ಮೇಲೊಂದು ಚೀಟಿ, ಪಂಪಿನ ನಂಬರು ಹೇಳದೆ ಓ-ರಿಂಗು ಕೊಡಕೂಡದೆಂಬ ನಿಯಮ; ಅಷ್ಟಕ್ಕೇ ಆ ಬಾಬತ್ತು ಮುಗಿಯಿತು. ಗೊತ್ತಿದ್ದೂ ಮಾಡಲಾಗದ ಸ್ಥಿತಿಯಲ್ಲಿ ಇರುವವರಿಗೆ ಪಾಠ ಹೇಳುವುದು ಅವರಿಗೆ ಮಾಡುವ ಅವಮಾನ ಎಂದೇ ನನ್ನ ಭಾವನೆ.

ಉಳಿದದ್ದು ಕೂರಿಸುವ ಕೆಲಸ ಮತ್ತು ಅಲೈನ್‌ಮೆಂಟು. ಇವನ್ನು ಬಿಡಿಸಿ ನೋಡಬೇಕಿತ್ತು.

ಕೆಲಸದ ಪಟ್ಟಿ ಮಾಡಲು ಅನುಭವಿ ಕೆಲಸಗಾರರನ್ನೇ ಒಂದು ಕೋಣೆಯಲ್ಲಿ ಕೂರಿಸುವ ಪದ್ಧತಿ ಹೊಸದೇನಲ್ಲ. 1960ರ ದಶಕದ ಕೊನೆಯಲ್ಲಿ ಕೆನಡಾದಲ್ಲಿ ಹುಟ್ಟಿದ ಡಾಕಮ್ ಎಂಬ ವಿಧಾನದ ತಿರುಳೇ ಅದು. ಸಾಮಾನ್ಯವಾಗಿ ಐದರಿಂದ ಹನ್ನೆರಡು ಮಂದಿ ನುರಿತವರು, ನಡೆಸಿಕೊಡಲು ಹೊರಗಿನವರೊಬ್ಬರು, ಗೋಡೆಯ ತುಂಬ ಚೀಟಿಗಳು. ಮೊದಲು ದೊಡ್ಡ ಜವಾಬ್ದಾರಿಗಳು, ಒಂದೊಂದರ ಮುಂದೆ ಅದರೊಳಗಿನ ಕೆಲಸಗಳು. ನಾನು ಅದನ್ನು ನಮ್ಮ ಅಳತೆಗೆ ಕತ್ತರಿಸಿಕೊಂಡೆ. ಒಂದು ಕಟ್ಟಳೆಯನ್ನು ಮಾತ್ರ ಸಡಿಲಿಸಲಿಲ್ಲ: ಪ್ರತಿ ಚೀಟಿಯೂ ನಿಂತು ನೋಡಬಹುದಾದ ಒಂದು ಕ್ರಿಯೆಯಾಗಿರಬೇಕು, ಅದಕ್ಕೆ ಶುರುವೂ ಕೊನೆಯೂ ಇರಬೇಕು. ಸೂಪರ್‌ವೈಸರ್ ಒಬ್ಬರು ‘ಸೀಲಿನ ಬಗ್ಗೆ ಅರಿವು’ ಎಂದು ಬರೆದರು. ಅರಿವಿರುವವರು ಏನು ಮಾಡುತ್ತಾರೆ, ಇಲ್ಲದವರು ಏನು ಮಾಡುವುದಿಲ್ಲ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ‘ಕಳಚಿದ ಸೀಲು ನೋಡಿ ಏಕೆ ಹೋಯಿತು ಅಂತ ಹೇಳುತ್ತಾರೆ’ ಎಂದರು. ಆ ಚೀಟಿ ಗೋಡೆಗೆ ಹೋಯಿತು, ಅರಿವು ಬುಟ್ಟಿಗೆ.

ಕೋಣೆಯ ಮಾತಿಗೂ ಒಂದು ಮಿತಿಯಿದೆ. ಕೈ ಪಳಗಿದವರು ತಾವು ಮಾಡುವುದರಲ್ಲಿ ಎಷ್ಟೋ ಭಾಗವನ್ನು ಹೇಳುವುದೇ ಇಲ್ಲ. ಬಚ್ಚಿಟ್ಟುಕೊಳ್ಳುತ್ತಾರೆಂದಲ್ಲ, ಅವರಿಗೇ ಅದು ಕಾಣುವುದಿಲ್ಲ. ಹಾಗಾಗಿ ಪಟ್ಟಿ ಹಿಡಿದುಕೊಂಡು ಶಾಪ್‌ಫ್ಲೋರಿಗೆ ಹೋದೆ.

ಆ ಹಿರಿಯ ಫಿಟ್ಟರ್ ಸೀಲು ಬದಲಿಸುತ್ತಿದ್ದರು. ಮೋಟರಿಗೆ ಬೀಗ ಹಾಕಿ ಚೀಟಿ ಕಟ್ಟಿ, ಆಮೇಲೆ ಹೋಗಿ ಸ್ಟಾರ್ಟ್ ಬಟನ್ ಒಮ್ಮೆ ಒತ್ತಿ ನೋಡಿದರು. ತಿರುಗಲಿಲ್ಲ. ಕೋಣೆಯ ಪಟ್ಟಿಯಲ್ಲಿ ‘ಬೀಗ ಹಾಕುವುದು’ ಇತ್ತು, ‘ಒತ್ತಿ ನೋಡುವುದು’ ಇರಲಿಲ್ಲ. ಶಾಫ್ಟು ಒರೆಸಿದರು. ಹೆಬ್ಬೆರಳ ಉಗುರನ್ನು ಅದರ ಉದ್ದಕ್ಕೂ ಮೆಲ್ಲನೆ ಎಳೆದರು, ಒಂದು ಕಡೆ ನಿಂತರು, ನಯವಾದ ಎಮರಿ ಕಾಗದದಿಂದ ಅಲ್ಲಿ ಉಜ್ಜಿ ಮತ್ತೆ ಉಗುರು ಎಳೆದರು. ಆಮೇಲೆ ಜೇಬಿನಿಂದ ಟೇಪಿನ ಸುರುಳಿ ತೆಗೆದು ಶಾಫ್ಟಿನಲ್ಲಿ ಕೊರೆದ ಕೀವೇ ಎಂಬ ತೋಡಿನ ಅಂಚುಗಳ ಮೇಲೆ ಒಂದು ಸುತ್ತು ಅಂಟಿಸಿದರು. ಓ-ರಿಂಗು ಅದರ ಮೇಲೆ ಜಾರಿ ಆಚೆ ಹೋಯಿತು. ಟೇಪು ಕಿತ್ತು ಕಸಕ್ಕೆ ಹಾಕಿದರು. ಇಷ್ಟೂ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ.

“ಅಣ್ಣಾ, ಆ ಟೇಪು ಯಾಕೆ?”

“ಕೀವೇ ಅಂಚು ಬ್ಲೇಡ್ ಇದ್ದಂಗೆ ಮೇಡಂ. ಓ-ರಿಂಗ್ ಕೊಯ್ದು ಹಾಕತ್ತೆ.”

“ಮೊನ್ನೆ ಕೂತು ಪಟ್ಟಿ ಮಾಡುವಾಗ ಇದನ್ನು ಹೇಳಲೇ ಇಲ್ಲವಲ್ಲ?”

“ಅದೇನ್ ಹೇಳೋದು, ಎಲ್ರಿಗೂ ಗೊತ್ತಿರೋದೇ ಅಲ್ವಾ?”

ಎಲ್ಲರಿಗೂ ಗೊತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಗೀರು ಬಿದ್ದಿದ್ದ ಓ-ರಿಂಗುಗಳೇ ಅದಕ್ಕೆ ಸಾಕ್ಷಿ. ತಯಾರಕರ ಕೈಪಿಡಿಯಲ್ಲಿ ಈ ಜಾಗಕ್ಕೆ ಇದ್ದದ್ದು ‘ಓ-ರಿಂಗಿಗೆ ಹಾನಿಯಾಗದಂತೆ ಎಚ್ಚರ ವಹಿಸಿ’ ಎಂಬ ಒಂದು ಸಾಲು. ಎಚ್ಚರವನ್ನು ಹೇಗೆ ವಹಿಸುವುದು ಎಂಬುದು ಆ ಜೇಬಿನ ಟೇಪಿನಲ್ಲಿತ್ತು.

ಇಂಥದನ್ನು ಹಿಡಿದಿಡಲು ನಾನು ಬಳಸಿದ್ದು ಎರಡನೇ ಮಹಾಯುದ್ಧದ ಕಾಲದ ಹಾಳೆ. ಅಮೆರಿಕದ ಸರ್ಕಾರ 1940ರಲ್ಲಿ ಕಾರ್ಖಾನೆಗಳಿಗಾಗಿ ಶುರುಮಾಡಿದ ಟಿಡಬ್ಲ್ಯೂಐ (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ) ಕಾರ್ಯಕ್ರಮದಲ್ಲಿ, ಹೊಸಬರಿಗೆ ಬೇಗ ಕೆಲಸ ಕಲಿಸಲು ಮೇಸ್ತ್ರಿಗಳ ಕೈಗೆ ಇದನ್ನು ಕೊಡುತ್ತಿದ್ದರು. ಒಂದು ಬದಿಯಲ್ಲಿ ಕೆಲಸ ಮುಂದೆ ಸಾಗುವ ಹೆಜ್ಜೆಗಳು. ಎದುರಿಗೆ ಆ ಹೆಜ್ಜೆಯ ಮುಖ್ಯ ಅಂಶ, ಅಂದರೆ ಕೆಲಸವನ್ನು ಕೆಡಿಸುವ ಇಲ್ಲವೇ ಉಳಿಸುವ, ಕೈಗೆ ಪೆಟ್ಟಾಗಿಸುವ, ಅಥವಾ ಕೆಲಸವನ್ನು ಹಗುರ ಮಾಡುವ ಸಂಗತಿ. ಅದರ ಪಕ್ಕದಲ್ಲಿ, ಮೂಲ ಹಾಳೆಗೆ ಆಮೇಲೆ ಸೇರಿಕೊಂಡ ‘ಏಕೆ’ ಎಂಬ ಕಾಲಂ. ಈ ಕೊನೆಯ ಕಾಲಮ್ಮನ್ನು ಖಾಲಿ ಬಿಡಲು ನಾನು ಯಾರಿಗೂ ಬಿಡಲಿಲ್ಲ. ‘ಮುಖವನ್ನು ಬರಿಗೈಯಲ್ಲಿ ಮುಟ್ಟಬೇಡ’ ಎಂದಷ್ಟೇ ಹೇಳಿದರೆ ಅವಸರದಲ್ಲಿ ಮುಟ್ಟುತ್ತಾರೆ. ಬೆರಳಿನ ಜಿಡ್ಡಿಗೆ ಅಂಟಿದ ಧೂಳಿನ ಕಣ ಆ ಎರಡು ಮುಖಗಳ ನಡುವಿನ ಪದರಕ್ಕಿಂತ ದಪ್ಪ ಎಂದು ತಿಳಿದವರು ನೂಲು ಬಿಡದ ಬಟ್ಟೆಗಾಗಿ ತಾವೇ ಹುಡುಕುತ್ತಾರೆ.

ಹೆಜ್ಜೆಗಳು ಸಿಕ್ಕವು. ಕಷ್ಟವಾದದ್ದು ಹೆಜ್ಜೆಗಳ ನಡುವೆ ನಡೆಯುವ ತೀರ್ಮಾನ. ಅದು ಕಣ್ಣಿಗೆ ಕಾಣುವುದಿಲ್ಲ, ಕೇಳಿಯೇ ತಿಳಿಯಬೇಕು; ಕೇಳುವುದರಲ್ಲೂ ಒಂದು ಬಗೆಯಿದೆ. ‘ಸಾಮಾನ್ಯವಾಗಿ ಏನು ಮಾಡುತ್ತೀರಿ’ ಎಂದರೆ ಪುಸ್ತಕದ ಉತ್ತರ ಬರುತ್ತದೆ. ‘ಹೋದ ಸಲ ಕೈಕೊಟ್ಟ ಕೆಲಸ ಯಾವುದು, ಆವತ್ತು ಮೊದಲು ನಿಮಗೆ ಅನುಮಾನ ಬಂದದ್ದು ಯಾವಾಗ’ ಎಂದು ಕೇಳಿದರೆ ನಡೆದದ್ದು ಹೊರಗೆ ಬರುತ್ತದೆ. ನಡೆದ ಘಟನೆಯನ್ನೇ ಹಿಡಿದು ಕೇಳುವ ಈ ದಾರಿಗೆ ಶಾಸ್ತ್ರದ ರೂಪ ಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್. ಯುದ್ಧಕಾಲದಲ್ಲಿ ಅಮೆರಿಕದ ವಾಯುಪಡೆಗೆ ಮಾಡಿದ ಕೆಲಸದಿಂದ ಬೆಳೆದ ಆ ವಿಧಾನವನ್ನು ಅವರು 1954ರಲ್ಲಿ ಪ್ರಕಟಿಸಿದರು.

ಹೀಗೆ ಕೇಳಿದಾಗ ಇನ್ನೊಬ್ಬ ಫಿಟ್ಟರ್ ಹೇಳಿದ್ದು ಇದು. ಮೋಟರನ್ನು ಪಂಪಿಗೆ ಅಲೈನ್ ಮಾಡಿ, ಸಣ್ಣ ಸರಿತವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜು ಸರಿಯಾಗಿ ತೋರಿಸುತ್ತಿದ್ದಾಗ ಬೋಲ್ಟುಗಳನ್ನು ಬಿಗಿ ಮಾಡಿದರು. ಬಿಗಿ ಮಾಡಿದ ಮೇಲೆ ರೀಡಿಂಗ್ ಬೇರೆ. ಸಡಿಲಿಸಿ ಮತ್ತೆ ಸರಿ ಮಾಡಿದರೆ ಮತ್ತೆ ಅದೇ ಕಥೆ. ಜೊತೆಗಿದ್ದ ಹುಡುಗ, ಎತ್ತರ ಸರಿಮಾಡಲು ಮೋಟರಿನ ಕಾಲಿನಡಿ ಇಡುವ ತೆಳು ತಗಡಾದ ಶಿಮ್ ಬದಲಿಸುತ್ತಲೇ ಇದ್ದ. ಇವರು ಮಾತ್ರ ನಿಲ್ಲಿಸಿ, ಒಂದು ಕಾಲಿನ ಬೋಲ್ಟನ್ನಷ್ಟೇ ಬಿಚ್ಚಿ ಅಲ್ಲಿ ಗೇಜು ಇಟ್ಟರು. ಕಾಲು ಮೇಲೆದ್ದಿತು. ಮೋಟರಿನ ನಾಲ್ಕು ಕಾಲುಗಳಲ್ಲಿ ಒಂದು ತಳಕ್ಕೆ ಪೂರ್ತಿ ಕೂರದಿದ್ದರೆ ಬಿಗಿಮಾಡಿದಾಗಲೆಲ್ಲ ಕವಚ ತಿರುಚಿಕೊಳ್ಳುತ್ತದೆ. ಸಾಫ್ಟ್ ಫುಟ್ ಎನ್ನುತ್ತಾರೆ. 0.05 ಮಿಲಿಮೀಟರಿಗಿಂತ ಹೆಚ್ಚು ಎದ್ದರೆ ಮೊದಲು ಅದನ್ನು ಸರಿಪಡಿಸಬೇಕು, ಅಲೈನ್‌ಮೆಂಟು ಆಮೇಲೆ. ಕಾಲು ಸರಿಯಿದ್ದೂ ರೀಡಿಂಗ್ ಕುಣಿಯುತ್ತಿದ್ದರೆ ಅವರು ಪೈಪಿನ ಕಡೆ ತಿರುಗುತ್ತಾರೆ: ಪಂಪಿಗೆ ಪೈಪು ಸೇರುವ ಫ್ಲೇಂಜಿನ ಬೋಲ್ಟುಗಳನ್ನು ಸಡಿಲಿಸುವಾಗ ಗೇಜಿನ ಮುಳ್ಳು ಸರಿದರೆ ಪೈಪೇ ಪಂಪನ್ನು ಎಳೆಯುತ್ತಿದೆ.

“ನಿಲ್ಲಿಸಬೇಕು ಅಂತ ಯಾವಾಗ ಅನ್ನಿಸಿತು?”

“ಎರಡನೇ ಸಲ ಅದೇ ನಂಬರ್ ಬಂತಲ್ಲ, ಆವಾಗ. ಶಿಮ್ಮಿನ ತಪ್ಪಾಗಿದ್ರೆ ನಂಬರ್ ಬದಲಾಗಬೇಕಿತ್ತು.”

ಇಡೀ ಅಧ್ಯಯನದಲ್ಲಿ ನನಗೆ ಸಿಕ್ಕ ಅತಿ ಬೆಲೆಬಾಳುವ ವಾಕ್ಯ ಅದೇ. ಯಾವ ಕೈಪಿಡಿಯಲ್ಲೂ ಅದು ಹೆಜ್ಜೆಯಾಗಿ ಇರುವುದಿಲ್ಲ. ಹುಡುಗನಿಗೂ ಈ ಫಿಟ್ಟರಿಗೂ ಇದ್ದ ವ್ಯತ್ಯಾಸ ಕೈಚಳಕದ್ದಲ್ಲ. ಇಬ್ಬರೂ ಶಿಮ್ ಹಾಕಬಲ್ಲರು. ಯಾವಾಗ ಹಾಕುವುದನ್ನು ನಿಲ್ಲಿಸಬೇಕೆಂದು ಒಬ್ಬರಿಗೆ ಗೊತ್ತು.

ಪಾಳಿಯಿಂದ ಪಾಳಿಗೆ ಒಂದೇ ಕೆಲಸವನ್ನು ಬೇರೆ ಬೇರೆ ರೀತಿ ಮಾಡುತ್ತಿದ್ದುದೂ ಕಂಡಿತು. ಯಾರದು ಸರಿ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಎರಡೂ ಪಾಳಿಯವರನ್ನು, ಇಂಜಿನಿಯರನ್ನು ಕೂರಿಸಿ, ಕೈಪಿಡಿಯನ್ನು ನಡುವೆ ಇಟ್ಟು ಮಾತಾಡಿಸಿದೆ. ಒಂದಷ್ಟು ವ್ಯತ್ಯಾಸಗಳಿಂದ ಏನೂ ಕೆಡುವುದಿಲ್ಲವೆಂದು ಬಿಟ್ಟೆವು. ಸೀಲಿನ ಸ್ಪ್ರಿಂಗು ಎಷ್ಟು ಒತ್ತಿಕೊಳ್ಳಬೇಕೆಂಬ ಅಳತೆಯಂಥ ಕೆಲವನ್ನು ಮಾತ್ರ ಒಂದೇ ರೀತಿಗೆ ತಂದೆವು.

ಆಮೇಲಿನದು ಜರಡಿ ಹಿಡಿಯುವ ಕೆಲಸ. ಪ್ರತಿ ಕೆಲಸಕ್ಕೂ ಮೂರು ಪ್ರಶ್ನೆ: ಕಲಿಯಲು ಎಷ್ಟು ಕಷ್ಟ, ತಪ್ಪಿದರೆ ಎಷ್ಟು ನಷ್ಟ, ಎಷ್ಟು ಸಲ ಎದುರಾಗುತ್ತದೆ. ಸುಲಭವಾದದ್ದು, ದಿನವೂ ಮಾಡುವಂಥದ್ದು ಕ್ಲಾಸಿಗೆ ಬೇಡ, ಕೆಲಸದಲ್ಲೇ ಬಂದುಬಿಡುತ್ತದೆ. ಕಷ್ಟವೂ ಹೌದು, ತಪ್ಪಿದರೆ ಅಪಾಯವೂ ಹೌದು, ಆದರೆ ಎದುರಾಗುವುದು ಅಪರೂಪ ಎಂಬಂಥದ್ದನ್ನು ಒಮ್ಮೆ ಕಲಿಸಿ ಬಿಟ್ಟರೆ ಮರೆತುಹೋಗುತ್ತದೆ. ಬಿಸಿ ದ್ರವದ ಪಂಪಿನ ಸೀಲು ಓಡುತ್ತಿರುವಾಗಲೇ ಒಡೆದರೆ ಏನು ಮಾಡಬೇಕೆಂಬುದು ಈ ಜಾತಿಯದು. ಅದಕ್ಕೆ ಆಗಾಗ ಮರುಅಭ್ಯಾಸ ಬೇಕೇ ಬೇಕು. ಬೋಲ್ಟನ್ನು ಎಷ್ಟು ಬಿಗಿಮಾಡಬೇಕೆಂಬ ಟಾರ್ಕು, ಓ-ರಿಂಗಿನ ಸಂಖ್ಯೆ ಇವನ್ನು ನೆನಪಿಟ್ಟುಕೊಳ್ಳಿ ಎನ್ನುವುದೇ ತಪ್ಪು. ಲ್ಯಾಮಿನೇಟ್ ಮಾಡಿದ ಕಾರ್ಡಾಗಿ ಅವು ಟೂಲ್‌ಬಾಕ್ಸಿಗೆ ಹೋದವು. ಶಿಮ್ಮಿನ ವಿಷಯ ಮತ್ತೆ ಸ್ಟೋರಿನ ಬಾಗಿಲಿಗೇ ಬಂತು: ಅಳತೆಗೆ ಕತ್ತರಿಸಿದ ಸ್ಟೀಲ್ ಶಿಮ್ ಸಿಗದೆ ಕೆಲವರು ಡಬ್ಬದ ತಗಡು ಕತ್ತರಿಸಿ ಹಾಕುತ್ತಿದ್ದರು. ಸ್ಟೀಲ್ ಶಿಮ್ ತರಿಸಲು ಇಂಡೆಂಟ್ ಹಾಕಿಸಿದೆವು.

ಎರಡು ದಿನದ ಪಾಠದಲ್ಲಿ ಉಳಿದದ್ದು ಅರ್ಧ ದಿನದ ಮಾತು. ಮಿಕ್ಕದ್ದೆಲ್ಲ ಬೆಂಚಿನ ಮೇಲೆ.

ಪಾಠಕ್ಕಿಂತ ಮೊದಲು ಪರೀಕ್ಷೆ ಬರೆದೆ. ವಿಚಿತ್ರ ಅನ್ನಿಸಬಹುದು, ಆದರೆ ನನಗೆ ಇದೇ ಒಗ್ಗಿದ ಕ್ರಮ. ಯಾವ ಪರಿಸ್ಥಿತಿಯಲ್ಲಿ, ಏನು ಮಾಡಿ ತೋರಿಸಬೇಕು, ಎಷ್ಟು ನಿಖರವಾಗಿ: ಈ ಮೂರೂ ಇಲ್ಲದ ಗುರಿಯನ್ನು ಪರೀಕ್ಷಿಸಲಾಗುವುದಿಲ್ಲ. ನಮ್ಮದರಲ್ಲಿ ಒಂದು ಹೀಗಿತ್ತು: ‘ಬೆಂಚಿನ ಮೇಲಿನ ಪಂಪು, ಮೋಟರು, ಡಯಲ್ ಗೇಜು, ಶಿಮ್‌ಗಳು ಮತ್ತು ಕಾರ್ಡು ಕೊಟ್ಟಾಗ, ಬೋಲ್ಟುಗಳೆಲ್ಲ ಬಿಗಿಯಾದ ಮೇಲೂ ಎರಡು ಶಾಫ್ಟುಗಳನ್ನು ಜೋಡಿಸುವ ಕಪ್ಲಿಂಗಿನ ಅಲೈನ್‌ಮೆಂಟು ಕಾರ್ಡಿನಲ್ಲಿರುವ ಮಿತಿಯೊಳಗೆ ಇರುವಂತೆ ಮಾಡಬೇಕು.’ ‘ಬಿಗಿಯಾದ ಮೇಲೂ’ ಎಂಬುದನ್ನು ಸೇರಿಸಲು ಹೇಳಿದವರು ಆ ಎರಡನೇ ಫಿಟ್ಟರ್.

ಕೆಲಸದಿಂದ ತೆಗೆದುಹಾಕಿದ್ದ ಒಂದು ಪಂಪನ್ನು ಬೆಂಚಿಗೆ ತಂದು, ಅದರಲ್ಲಿ ಬೇಕೆಂದೇ ದೋಷಗಳನ್ನು ಹುದುಗಿಸಿದೆವು. ಮೋಟರಿನ ಒಂದು ಕಾಲಿನಡಿ ತೆಳು ಶಿಮ್. ಸೀಲಿನ ಪೊಟ್ಟಣದಲ್ಲಿ ಹೊಂದದ ಓ-ರಿಂಗು. ಶಾಫ್ಟಿನ ಮೇಲೆ ಉಗುರಿಗಷ್ಟೇ ಸಿಗುವ ಒಂದು ಗೀರು. ಎಲ್ಲರನ್ನೂ ಪಾಠಕ್ಕೆ ಮೊದಲೇ ಇಲ್ಲಿ ನಿಲ್ಲಿಸಿದೆವು. ಸಲೀಸಾಗಿ ದಾಟಿದವರನ್ನು ಕ್ಲಾಸಿನಲ್ಲಿ ಕೂರಿಸಲಿಲ್ಲ, ಬೆಂಚಿನ ಪಕ್ಕ ಕಲಿಸಲು ನಿಲ್ಲಿಸಿದೆವು. ಪಾಸಾಗುವವರೆಂದು ಮೇಲಿನವರು ನಂಬಿದ್ದ ಕೆಲವರು ಶಿಮ್ಮಿನಲ್ಲೇ ಸಿಕ್ಕಿಕೊಂಡರು. ಅದನ್ನು ಯಾರ ಫೈಲಿಗೂ ಸೇರಿಸುವುದಿಲ್ಲವೆಂದು ಮೊದಲೇ ಬರೆಸಿಕೊಂಡಿದ್ದೆ. ಇಲ್ಲದಿದ್ದರೆ ಮುಂದಿನ ಸಲ ಯಾರೂ ಮನಬಿಚ್ಚಿ ಮಾತಾಡುವುದಿಲ್ಲ.

ಕ್ಲಾಸಿನಲ್ಲಿ ಅತಿ ಹೆಚ್ಚು ಹೊತ್ತು ತಿಂದದ್ದು ಒಂದು ಭಾಗಾಕಾರ. ಕಪ್ಲಿಂಗಿನ ಸುತ್ತ ಡಯಲ್ ಗೇಜು ಒಂದು ಸುತ್ತು ಬಂದಾಗ ತೋರಿಸುವುದು ಎರಡು ಶಾಫ್ಟುಗಳ ನಡುಗೆರೆಗಳು ಒಂದರಿಂದ ಒಂದು ಸರಿದಿರುವ ಅಂತರದ ಎರಡರಷ್ಟು. ಗೇಜು ಮೇಲಿನಿಂದ ಕೆಳಕ್ಕೆ 0.40 ಮಿಲಿಮೀಟರ್ ತೋರಿಸಿದರೆ ಶಾಫ್ಟು ಸರಿಯಬೇಕಾದದ್ದು 0.20 ಮಾತ್ರ. ಇದನ್ನು ಬೋರ್ಡಿನ ಮೇಲೆ ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ, ಬೆಂಚಿಗೆ ಹೋಗಿ 0.40 ಶಿಮ್ಮೇ ಹಾಕುತ್ತಾರೆ. ನಾವು ತಡೆಯಲಿಲ್ಲ. ಹಾಕಿದರು, ಗೇಜು ತಿರುಗಿಸಿದರು, ಅದೇ 0.40 ಈಗ ಉಲ್ಟಾ ಚಿಹ್ನೆಯಲ್ಲಿ ಬಂತು. ಒಬ್ಬ ಹುಡುಗ ಗೇಜೇ ಕೆಟ್ಟಿದೆ ಎಂದ. ಪಕ್ಕದವನು ಎರಡು ವಾಷರುಗಳನ್ನು ಮೇಜಿನ ಮೇಲಿಟ್ಟು, ಒಂದನ್ನು ಸ್ವಲ್ಪ ಸರಿಸಿ, ಮೇಲೆಷ್ಟು ಕೆಳಗೆಷ್ಟು ಎಂದು ಬೆರಳಿಟ್ಟು ತೋರಿಸಿದ. ಆ ವಾಷರುಗಳ ವಿವರಣೆಯನ್ನು ನಾನು ಹಾಗೇ ಪಾಠಕ್ಕೆ ಸೇರಿಸಿಕೊಂಡೆ.

ಪಾಠ ಮುಗಿದ ಕೂಡಲೇ ತುಂಬಿಸಿಕೊಳ್ಳುವ ಅಭಿಪ್ರಾಯದ ಫಾರಂ ನಮ್ಮಲ್ಲೂ ಇದೆ. ಊಟ ಚೆನ್ನಾಗಿದ್ದರೆ ಅಂಕವೂ ಚೆನ್ನಾಗಿರುತ್ತದೆ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಹೇಳಿದ ನಾಲ್ಕು ಮೆಟ್ಟಿಲುಗಳಲ್ಲಿ ಅದು ಮೊದಲನೆಯದಷ್ಟೇ. ಕಲಿತರೇ, ಕಲಿತದ್ದನ್ನು ಕೆಲಸದಲ್ಲಿ ಮಾಡುತ್ತಿದ್ದಾರೆಯೇ, ಅದರಿಂದ ಫಲ ಸಿಕ್ಕಿತೇ ಎಂಬುವು ಆಮೇಲೆ ಬರುತ್ತವೆ. ನಾನು ನೆಚ್ಚಿದ್ದು ಮೂರನೆಯದನ್ನು. ಹೆಜ್ಜೆಯ ಹಾಳೆಯನ್ನೇ ಕೈಯಲ್ಲಿ ಹಿಡಿದು ಶಾಪ್‌ಫ್ಲೋರಿನಲ್ಲಿ ನಿಂತು, ಟೇಪು ಹಚ್ಚಿದರೇ, ಬಟನ್ ಒತ್ತಿ ನೋಡಿದರೇ, ಒಂದೊಂದೇ ಕಾಲಿನ ಬೋಲ್ಟು ಬಿಚ್ಚಿ ಗೇಜು ಇಟ್ಟರೇ ಎಂದು ನೋಡುವುದು. ಟೇಪು ಬೇಗ ರೂಢಿಯಾಯಿತು. ಕಾಲು ಪರೀಕ್ಷಿಸುವುದು ಹಗಲು ಪಾಳಿಯಲ್ಲಿ ನಡೆಯುತ್ತಿತ್ತು, ರಾತ್ರಿ ಬಿಟ್ಟುಹೋಗುತ್ತಿತ್ತು. ಗೇಜಿನ ಪೆಟ್ಟಿಗೆಯ ಬೀಗದ ಕೈ ಹಗಲಿನ ಸೂಪರ್‌ವೈಸರ್ ಹತ್ತಿರ ಇರುತ್ತಿತ್ತು, ಅಷ್ಟೇ ಕಾರಣ. ಕೀಲಿಯ ಜಾಗ ಬದಲಾಯಿತು. ರಿಜಿಸ್ಟರಿನಲ್ಲಿ ಕಾರಣದ ಕಾಲಂ ಈಗ ‘ಓ-ರಿಂಗ್ ಕೊಯ್ತ’, ‘ಒಣ ಓಟ’, ‘ಅಗಲ ಪಟ್ಟೆ’ ಎಂದು ತುಂಬುತ್ತದೆ. ಆಪರೇಟರ್‌ಗಳಿಗೆ ಪಂಪು ಚಾಲೂ ಮಾಡುವ ಕೆಲಸದ ಹಾಳೆಯನ್ನು ಬೇರೆಯಾಗಿಯೇ ಮಾಡಬೇಕಾಯಿತು, ಅದು ಇನ್ನೂ ನಡೆಯುತ್ತಿದೆ.

ಈ ನಡುವೆ ಕೆಲವು ಪಂಪುಗಳಿಗೆ ಬಿಡಿಭಾಗದ ಸೀಲಿನ ಬದಲು ಕಾರ್ಟ್ರಿಜ್ ಸೀಲು ಬಂದಿದೆ. ಎರಡೂ ಮುಖಗಳು, ಸ್ಪ್ರಿಂಗು, ಶಾಫ್ಟಿನ ಮೇಲೆ ಕೂರುವ ಸ್ಲೀವು ಎಲ್ಲ ಕಾರ್ಖಾನೆಯಲ್ಲೇ ಜೋಡಿಸಿ ಒಂದೇ ತುಂಡಾಗಿ ಬರುತ್ತದೆ. ಸ್ಪ್ರಿಂಗಿನ ಅಳತೆ ಹಿಡಿಯುವ ಹೆಜ್ಜೆಗಳು ನಮ್ಮ ಹಾಳೆಯಿಂದ ಹೋದವು, ಹೊಸದೊಂದು ಬಂತು. ಅಂತರವನ್ನು ಕಾಯುವ ಪುಟ್ಟ ಕ್ಲಿಪ್ಪುಗಳನ್ನು, ಸೀಲನ್ನು ಶಾಫ್ಟಿಗೆ ಹಿಡಿಯುವ ಕಾಲರಿನ ಸ್ಕ್ರೂಗಳು ಬಿಗಿಯಾದ ಮೇಲೆ, ಪಂಪು ತಿರುಗಿಸುವ ಮೊದಲು ತೆಗೆಯಬೇಕು. ತೆಗೆಯದೆ ಚಾಲೂ ಮಾಡಿದರೆ ಹೊಸ ಸೀಲು ಅಲ್ಲೇ ಹಾಳು. ತೆಗೆದವನ್ನು ಎಸೆಯಲೂಬಾರದು, ಮುಂದೆ ಸೀಲು ಕಳಚುವ ಮೊದಲು ಅವನ್ನೇ ಮತ್ತೆ ಸಿಕ್ಕಿಸಬೇಕು. ಎಲ್ಲಿಡುವುದು ಎಂಬ ಚರ್ಚೆ ಎರಡು ಪಾಳಿಗಳ ನಡುವೆ ಇನ್ನೂ ಮುಗಿದಿಲ್ಲ. ಸದ್ಯಕ್ಕೆ ಪಂಪಿನ ನಂಬರು ಬರೆದ ಪೊಟ್ಟಣದಲ್ಲಿ ಹಾಕಿ ಸ್ಟೋರಿಗೆ ಕೊಡುವುದೆಂದು ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿದ್ದೇವೆ.